ಬಲಗಿವಿಯ ಗೆಳೆಯ

ಆದಿನಾರಾಯಣಪ್ಪನ ಕಿವಿ ಹೋದದ್ದು ಯಾವ ವರ್ಷ ಎಂದು ಯಾರೂ ಹೇಳಲಾರರು. ಒಂದೇ ದಿನ ಹೋಗಿದ್ದರೆ ಹೇಳಬಹುದಿತ್ತು. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಇಟ್ಟುಕೊಂಡವರ ಕಿವಿ ಹಾಗೆ ಹೋಗುವುದಿಲ್ಲ, ಸೋಪು ಸವೆದ ಹಾಗೆ ಸವೆಯುತ್ತದೆ. ಮೊದಲು ಗುಬ್ಬಿಯ ಸದ್ದು ಹೋಗುತ್ತದೆ. ಆಮೇಲೆ ಹೆಂಡತಿಯ ಗೊಣಗಾಟ ಹೋಗುತ್ತದೆ. ಅದು ಹೋಯಿತಲ್ಲಾ ಎಂದು ಬೇಸರಪಟ್ಟ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿಲ್ಲ. ಕೊನೆಗೆ ಎದುರಿಗಿರುವವನ ಬಾಯಿ ಆಡುವುದು ಕಾಣುತ್ತದೆ, ಮಾತು ಮಾತ್ರ ಬಂದು ಮುಟ್ಟುವುದಿಲ್ಲ. ತೊಂಬತ್ತಾರನೇ ಇಸವಿಯ ಹೊತ್ತಿಗೆ ಆದಿನಾರಾಯಣಪ್ಪ ಅಲ್ಲಿಗೆ ಬಂದು ನಿಂತಿದ್ದ.

ಮಗ್ಗದ ಮನೆಯೊಳಗೆ ಅದರಿಂದ ಏನೂ ತೊಂದರೆಯಿರಲಿಲ್ಲ. ಲೂಮುಗಳು ಓಡುವಾಗ ಅಲ್ಲಿ ಕಿವಿ ಇದ್ದವನೂ ಕಿವುಡನೇ. ಅಲ್ಲಿ ಮಾತೆಂದರೆ ತುಟಿ ಮತ್ತು ಕೈ. ಹೆಬ್ಬೆರಳಿನಿಂದ ಎಣ್ಣೆಡಬ್ಬಿ ಅದುಮುವ ಹಾಗೆ ಮಾಡಿ ತೋರಿಸಿದರೆ, ಮೆಕ್ಯಾನಿಕ್ ಮುನಿರಾಮಯ್ಯನನ್ನು ಕರೆ ಎಂದರ್ಥ. ಹಿಂದಿನಿಂದ ಬಂದು ಎಡ ಹೆಗಲ ಮೇಲೆ ಎರಡು ಸಲ ತಟ್ಟಿದರೆ, ಎಳೆ ಕಡಿದಿದೆ, ಲೂಮು ನಿಲ್ಲಿಸು ಎಂದರ್ಥ. ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ತಟ್ಟಿದ ಕೂಡಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಅಷ್ಟುದ್ದ ಸೀರೆ ಹಾಳು. ಆ ಊರಿನ ನೇಕಾರರಿಗೆ ಆ ಎರಡು ತಟ್ಟು ನಿದ್ದೆಯಲ್ಲೂ ಗೊತ್ತಾಗುತ್ತದೆ.

ತೊಂದರೆಯಾಗುತ್ತಿದ್ದದ್ದು ಭಾನುವಾರ. ಆದಿನಾರಾಯಣಪ್ಪನಿಗೆ ರಿವಾಲ್ವರಿನ ಹುಚ್ಚು. ಊರಿನವರು ಅವನ ಬೆನ್ನ ಹಿಂದೆ, ಇವನು ಯಾರನ್ನೋ ಮುಗಿಸೋಕೆ ಕಾಯ್ತಾವ್ನೆ ಎಂದು ನಗುತ್ತಿದ್ದರು. ಪಾಪ, ಆ ಮನುಷ್ಯ ಜಿರಲೆ ಕಂಡರೂ ಹೆಂಡತಿ ಲಕ್ಷ್ಮೀದೇವಮ್ಮನನ್ನು ಕರೆಯುವವನು. ಅವನು ಹೊಡೆಯಬೇಕಿದ್ದದ್ದು ಹಲಗೆಗೆ ಅಂಟಿಸಿದ ಕಾಗದದ ನಡುವಿನ ಕಪ್ಪು ಬೊಟ್ಟಿಗೆ, ಅಷ್ಟೇ. ಸಾಸಲು ಕಡೆ ಒಂದು ಕಲ್ಲು ಕ್ವಾರಿ ಇತ್ತು. ಕಲ್ಲು ಮುಗಿದು ಪಾಳು ಬಿದ್ದದ್ದು, ಮೂರು ಕಡೆ ಎತ್ತರದ ಬಂಡೆಗೋಡೆ. ಅದು ರಿಟೈರಾದ ಸುಬೇದಾರ್ ಹನುಮಂತರಾಯಪ್ಪನ ಅಣ್ಣನದು. ಲೈಸೆನ್ಸು, ಅಪ್ಪಣೆ ಎಲ್ಲವನ್ನೂ ಸುಬೇದಾರನೇ ಓಡಾಡಿ ಸರಿಮಾಡಿಸಿದ್ದ. ಭಾನುವಾರ ಊಟ ಮುಗಿಸಿ ನಾಲ್ಕು ಜನ ಅಲ್ಲಿ ಸೇರುತ್ತಿದ್ದರು: ಸುಬೇದಾರ, ದೇವನಹಳ್ಳಿಯ ದ್ರಾಕ್ಷಿ ತೋಟದ ಆವಲಪ್ಪ, ಮೆಕ್ಯಾನಿಕ್ ಮುನಿರಾಮಯ್ಯ, ಆದಿನಾರಾಯಣಪ್ಪ.

ಮೊದಲು ಗುಂಡು, ಆಮೇಲೆ ಗ್ಲಾಸು. ಇದು ಸುಬೇದಾರನ ಕಾನೂನು. ಎಲ್ಲರ ಹೊಡೆತ ಮುಗಿದು, ಗನ್ನುಗಳನ್ನೆಲ್ಲ ಬಿಚ್ಚಿ ಖಾಲಿ ಎಂದು ತೋರಿಸಿ, ಆದಿನಾರಾಯಣಪ್ಪನ ಮಗ್ಗದ ಒಂದು ಡ್ಯಾಮೇಜು ಸೀರೆಯ ತುಂಡಿನ ಮೇಲೆ ಮಲಗಿಸಿದ ಮೇಲೇ ಬಾಟಲಿಗಳು ಚೀಲದಿಂದ ಹೊರಗೆ ಬರುತ್ತಿದ್ದವು. ಆಮೇಲೆ ಶುರುವಾಗುತ್ತಿತ್ತು ಮಾತು, ಹೊತ್ತು ಇಳಿಯುವವರೆಗೆ. ಪ್ರತಿ ವಾರ ಅದೇ ಮಾತು, ಪ್ರತಿ ವಾರ ಹೊಸ ಜಗಳ.

"ಪಿಸ್ತೂಲು ಅಂದ್ರೆ ಬ್ರೌನಿಂಗ್ ಕಣ್ರೋ," ಎನ್ನುತ್ತಿದ್ದ ಸುಬೇದಾರ, ಮಿಲಿಟರಿ ಕ್ಯಾಂಟೀನಿನ ರಮ್ಮಿಗೆ ಫ್ಲಾಸ್ಕಿನ ಬಿಸಿನೀರು, ಚಿಟಿಕೆ ಮೆಣಸಿನ ಪುಡಿ ಬೆರೆಸುತ್ತ. "ಪಟ್ಟಾಗಿ ಕೈಯೊಳಗೆ ಕೂತ್ಕೊಳ್ಳುತ್ತೆ. ಈಗ ಈ ಪುಟ್ಟ ಪಾಯಿಂಟ್ ಟೂಟೂ ಗನ್ನು ಹಿಡ್ಕೊಂಡ್ರೆ ಹಲ್ಲುಜ್ಜೋ ಬ್ರಷ್ ಹಿಡ್ಕೊಂಡಂಗೆ ಆಗ್ತದೆ."

"ನಿಮ್ಮ ಬ್ರೌನಿಂಗ್ ಮಿಲಿಟ್ರೀಲೇ ಉಳ್ಕೊಂತು, ಬಿಡಿ ಸುಬೇದಾರ್ರೇ. ನನ್ನ ಕಾನ್ಪುರ ಫ್ಯಾಕ್ಟರಿ ರಿವಾಲ್ವರ್ ನೋಡಿ, ಅಂದ ಇಲ್ಲ ಚಂದ ಇಲ್ಲ, ಹಾಕಿದ್ದೆಲ್ಲ ತಿಂತದೆ," ಎನ್ನುತ್ತಿದ್ದ ಆವಲಪ್ಪ. ಅವನ ಗ್ಲಾಸಿನಲ್ಲಿ ಅವನದೇ ತೋಟದ ನೀಲಿ ದ್ರಾಕ್ಷಿಯ ವೈನು. ಅದನ್ನು ಕುಡಿದವರ ನಾಲಿಗೆ ಸೋಮವಾರದವರೆಗೂ ನೀಲಿ.

ಮುನಿರಾಮಯ್ಯನದು ಇಂಗ್ಲಿಷರ ಕಾಲದ ವೆಬ್ಲಿ, ಮೂವತ್ತೆರಡು ಬೋರಿನದು. ಮಧ್ಯದ ಕೀಲಿನಲ್ಲಿ ಮಡಚಿ ಮುರಿದರೆ ಖಾಲಿ ತೋಟೆಗಳು ತಾವೇ ಎದ್ದು ಹೊರಗೆ ಬೀಳುತ್ತಿದ್ದವು. ಅವನ ಕುಡಿತವೂ ವಿಚಿತ್ರ, ಜಿನ್ನಿಗೆ ದೇವನಹಳ್ಳಿ ಚಕ್ಕೋತದ ರಸ ಹಿಂಡಿಕೊಳ್ಳುತ್ತಿದ್ದ. ಆದಿನಾರಾಯಣಪ್ಪನದು ಉಪ್ಪು ಹಾಕಿದ ನಿಂಬೆ ಸೋಡಾ. ಹೆಂಡ ಮುಟ್ಟಿದವನಲ್ಲ. ಅದಕ್ಕಾಗಿ ಸಿಗುತ್ತಿದ್ದ ಗೇಲಿ ಅವನಿಗೆ ಇಷ್ಟವಾಗುತ್ತಿತ್ತು.

ಗೇಲಿ ಅರ್ಥವಾಗುತ್ತಿದ್ದದ್ದು ಮುನಿರಾಮಯ್ಯನಿಂದ. ಮಾತಿನ ಹೊತ್ತಿನಲ್ಲಿ ಮುನಿರಾಮಯ್ಯ ಅವನ ಎದುರಿಗೇ ಒಂದು ಕಲ್ಲಿನ ಮೇಲೆ ಕೂರುತ್ತಿದ್ದ, ಬೇರೆಯವರು ಆಡಿದ್ದನ್ನೆಲ್ಲ ಸದ್ದಿಲ್ಲದೆ ತುಟಿಯಲ್ಲಿ, ಕೈಯಲ್ಲಿ ಆಡಿ ತೋರಿಸುತ್ತಿದ್ದ. ಗುಂಡು ಹಾರಿಸುವಾಗ ಮಾತ್ರ ಎದ್ದು ಬಂದು ಅವನ ಹಿಂದೆ ನಿಲ್ಲುತ್ತಿದ್ದ. ಅದೂ ಸುಬೇದಾರನ ಕಾನೂನೇ. ತೇವ ಹಿಡಿದ ತೋಟೆ ಒಮ್ಮೊಮ್ಮೆ ಪೂರಾ ಸಿಡಿಯುವುದಿಲ್ಲ, ಪುಸ್ ಎನ್ನುತ್ತದೆ. ಆಗ ಸೀಸದ ಗುಂಡು ನಳಿಗೆಯೊಳಗೇ ಸಿಕ್ಕಿಕೊಳ್ಳುತ್ತದೆ. ತಿಳಿಯದೆ ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳಿ, ಹೊಡೆದವನ ಬೆರಳೂ ಹೋಗಬಹುದು, ಕಣ್ಣೂ ಹೋಗಬಹುದು. ಕಿವಿ ಇದ್ದವರಿಗೆ ಸದ್ದೇ ಹೇಳುತ್ತದೆ. ಆದಿನಾರಾಯಣಪ್ಪನಿಗೆ ಹೇಳಬೇಕಾದದ್ದು ಮುನಿರಾಮಯ್ಯನ ಕೈ. ಎಡ ಹೆಗಲ ಮೇಲೆ ಎರಡು ತಟ್ಟು, ಮಗ್ಗದ ಮನೆಯ ಹಾಗೆಯೇ.

ಆ ಮುನಿರಾಮಯ್ಯ ಶಿವರಾತ್ರಿ ಕಳೆದ ವಾರ ದಾಬಸ್‌ಪೇಟೆಯ ಹೈವೇ ದಾಟುವಾಗ ಲಾರಿಗೆ ಸಿಕ್ಕಿಬಿಟ್ಟ.

ಅದರ ನಂತರದ ಭಾನುವಾರಗಳಲ್ಲಿ ಆದಿನಾರಾಯಣಪ್ಪ ಎಲ್ಲರೂ ನಕ್ಕಾಗ ನಗುತ್ತಿದ್ದ. ಯಾಕೆ ನಕ್ಕೆನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಸುಬೇದಾರನೋ ಆವಲಪ್ಪನೋ ಹಿಂದೆ ಬಂದು ನಿಲ್ಲುತ್ತಿದ್ದರು, ಅದೇನೋ ಸರಿ. ಆದರೆ ಮಾತನ್ನು ಕೈಯಲ್ಲಿ ಆಡುವುದು ಅವರಿಗೆ ಬರುತ್ತಿರಲಿಲ್ಲ. ಸುಬೇದಾರನ ಮೀಸೆಯ ಕೆಳಗಿನ ತುಟಿ ಓದುವುದು ಬ್ರಹ್ಮನಿಗೂ ಆಗದ ಕೆಲಸ. ಆ ವಾರಕ್ಕೊಂದು ದಿನದ ಮಾತು ಬಿಟ್ಟರೆ ಆದಿನಾರಾಯಣಪ್ಪನಿಗೆ ಈ ಲೋಕದಲ್ಲಿ ಬೇರೆ ಮಾತು ಉಳಿದಿರಲಿಲ್ಲ. ಅದೂ ಹೋದರೆ ತಾನು ನಾಲ್ಕು ಲೂಮಿನ ಜೊತೆ ಐದನೆಯ ಲೂಮು ಅಷ್ಟೇ ಎಂದು ಅವನಿಗೆ ಅಳು ಬರುತ್ತಿತ್ತು. ಬಿಟ್ಟುಬಿಡೋಣ ಎಂದುಕೊಂಡಿದ್ದಾಗಲೇ ಮುನಿರಾಮಯ್ಯನ ಹೆಂಡತಿ ಮುನಿಗಂಗಮ್ಮ ಕರೆಸಿ, ವೆಬ್ಲಿಯನ್ನು ಅವನೇ ಇಟ್ಟುಕೊಳ್ಳಲಿ ಎಂದಳು. ಆದಿನಾರಾಯಣಪ್ಪ ಡಿಸಿ ಆಫೀಸು, ಪೊಲೀಸ್ ಸ್ಟೇಷನ್ನು ಎಂದು ಅಲೆದು ಕಾಗದಗಳನ್ನು ಮಾಡಿಸಿ ತಂದ. ಜೊತೆಗೆ ಟ್ರಂಕಿನ ತಳದಲ್ಲಿದ್ದ ಹಳೇ ತೋಟೆಗಳ ಒಂದು ತಗಡಿನ ಡಬ್ಬಿಯೂ ಬಂತು. ಸುಬೇದಾರ ಅದರ ಮೇಲಿನ ಹಸಿರು ಕಿಲುಬು ನೋಡಿದವನೇ ತಲೆ ಅಲ್ಲಾಡಿಸಿ, ಮುಟ್ಟಬೇಡ, ಸ್ಟೇಷನ್ನಿಗೆ ಕೊಟ್ಟುಬಿಡೋಣ ಎಂದು ಕೈಯಾಡಿಸಿ ಹೇಗೋ ತಿಳಿಸಿದ. ಕೊಟ್ಟುಬರುವುದು ಇವತ್ತು ನಾಳೆ ಎಂದು ಹಾಗೇ ಉಳಿಯಿತು.

ವೆಬ್ಲಿಯನ್ನು ಮೊದಲ ಸಲ ಕ್ವಾರಿಗೆ ಒಯ್ದ ದಿನ ಹೊಡೆತ ಮುಗಿಯಿತು, ಗನ್ನುಗಳು ಸೀರೆಯ ಮೇಲೆ ಮಲಗಿದವು. ಎದುರಿನ ಕಲ್ಲಿನ ಮೇಲೆ ಚಕ್ಕೋತ ಹಿಂಡಿದ ಒಂದು ಗ್ಲಾಸು ಇಟ್ಟರು, ಸತ್ತವನ ಪಾಲು. ಅದನ್ನು ಹೊರಡುವ ಮುಂಚೆ ನೆಲಕ್ಕೆ ಚೆಲ್ಲುತ್ತಿದ್ದರು. ಆದಿನಾರಾಯಣಪ್ಪ ಆ ಗ್ಲಾಸನ್ನೇ ನೋಡುತ್ತ ಕೂತಿದ್ದ.

"ಏನ್ ಕುಡೀತೀಯ ಗುರು?"

ಕೇಳಿಸಿತು. ಗುಂಯ್ ಎನ್ನಲಿಲ್ಲ, ದೂರದಿಂದ ಬರಲಿಲ್ಲ. ಬಲಗಿವಿಯ ಪಕ್ಕದಲ್ಲಿ, ಗಟ್ಟಿಯಾಗಿಯೂ ಅಲ್ಲದೆ, ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಅವನು ಯೋಚಿಸದೆ "ಸೋಡಾ" ಎಂದುಬಿಟ್ಟ. ಓಪನರ್ ಹಿಡಿದು ಅದನ್ನೇ ಕೇಳುತ್ತಿದ್ದ ಆವಲಪ್ಪ ಬಾಯಿ ತೆರೆದುಕೊಂಡು ನಿಂತ. ಬಲಗಡೆ ಯಾರೂ ಇರಲಿಲ್ಲ. ಬಿಸಿಲಿಗೆ ಕಾದ ಕಲ್ಲಿತ್ತು, ಒಂದು ಓತಿಕ್ಯಾತ ಇತ್ತು.

"ಇವ್ನು ಈಗ ಕಾಫಿ ಎಸ್ಟೇಟಿನ ದೊರೆ ಹತ್ರ ಕೋಲ್ಟ್ ನೋಡಿದ ಕತೆ ಹೇಳ್ತಾನೆ ನೋಡು," ಎಂದಿತು ದನಿ. "ಎಲ್ಲಾ ಬೂಸಿ. ನಗ್ಬೇಡ, ಕೇಳು."

ಆವಲಪ್ಪ ಕೋಲ್ಟಿನ ಕತೆ ಶುರುಮಾಡಿದ. ದನಿ ಅದನ್ನೆಲ್ಲ ಒಂದೂ ಬಿಡದೆ ಒಪ್ಪಿಸುತ್ತ ಹೋಯಿತು, ನಡುನಡುವೆ ತನ್ನದೊಂದು ಕುಟುಕು. ಆದಿನಾರಾಯಣಪ್ಪ ನಕ್ಕ, ನಗಬೇಕಾದ ಕಡೆಯಲ್ಲೇ ನಕ್ಕ. "ಹೋದ ಸಲ ಅದು ಕೋಲ್ಟ್ ಅಲ್ಲ, ಸ್ಮಿತ್ ಅಂತಿದ್ದೆಯಲ್ಲೋ" ಎಂದು ಕಾಲೂ ಎಳೆದ. ಸುಬೇದಾರನ ರಮ್ಮು ಮೂಗಿಗೆ ಹತ್ತಿತು. ವರ್ಷಗಟ್ಟಲೆಯಿಂದ ಅಷ್ಟು ಖುಷಿ ಅವನು ಕಂಡಿರಲಿಲ್ಲ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಮುನಿರಾಮಯ್ಯ ಬಂದಿದ್ದಾನೆ, ಬಿಟ್ಟು ಹೋಗಲಿಲ್ಲ ಎಂದು ಎದೆ ತುಂಬಿ ಬಂತು. ಇದೇನು ಮಾಯ ಎಂದು ಗೆಳೆಯರು ಕೇಳಿದಾಗ ಬೆಂಗಳೂರಿನ ಡಾಕ್ಟರೊಬ್ಬರು ಕಿವಿಗೆ ಏನೋ ಬಿಟ್ಟರು ಎಂದು ಸುಳ್ಳು ಹೇಳಿದ.

ಸುಳ್ಳಿನಿಂದ ಒಂದು ಕೆಟ್ಟದ್ದಾಯಿತು. ಅವನ ಕಿವಿ ವಾಸಿಯಾಯಿತೆಂದು ನಂಬಿ ಸುಬೇದಾರನೂ ಆವಲಪ್ಪನೂ ಅವನ ಹಿಂದೆ ನಿಲ್ಲುವುದನ್ನು ಬಿಟ್ಟರು. ಕಿವಿ ಇರುವವನ ಹಿಂದೆ ಯಾರು ನಿಲ್ಲುತ್ತಾರೆ? ನೆರಳಿನಲ್ಲಿ ಕೂತು, ಬೇಕಾದರೆ ಅಲ್ಲಿಂದಲೇ ಕೂಗಿ ಹೇಳಬಹುದಲ್ಲ.

ದನಿ ಕ್ವಾರಿಯಲ್ಲಿ ಮಾತ್ರ ಬರುತ್ತಿತ್ತು, ವೆಬ್ಲಿ ಹತ್ತಿರವಿದ್ದಾಗ ಮಾತ್ರ. ವಾರವಿಡೀ ಅವನು ಭಾನುವಾರಕ್ಕೆ ಕಾಯುತ್ತಿದ್ದ. ಲಕ್ಷ್ಮೀದೇವಮ್ಮ ತಟ್ಟೆಯ ಮುಂದೆ ಕೂತು ಏನೋ ಹೇಳುತ್ತಿದ್ದರೆ ಅವಳ ತುಟಿ ನೋಡುವ ಗೋಜಿಗೂ ಹೋಗುತ್ತಿರಲಿಲ್ಲ. ಕೇಳಿಸುವ ಮಾತು ಒಂದಿರುವಾಗ ಕೇಳಿಸದ ಮಾತಿಗೆ ಕಣ್ಣು ನೋಯಿಸಿಕೊಳ್ಳುವುದು ಯಾಕೆ ಎನಿಸುತ್ತಿತ್ತು.

ಆದರೂ ಕೆಲವು ಸಂಗತಿಗಳು ಅವನ ಗಮನಕ್ಕೆ ಬಂದವು. ಅವನೇನು ದಡ್ಡನಲ್ಲ. ಒಂದು, ಮಾತು ಮೊದಲು ಬರುತ್ತಿತ್ತು, ಆವಲಪ್ಪನ ಬಾಯಿ ಆಮೇಲೆ ಆಡುತ್ತಿತ್ತು. ಮೊದಮೊದಲು ಚೂರೇ ಚೂರು ಮುಂಚೆ. ಬರಬರುತ್ತ ಆವಲಪ್ಪ ಇನ್ನೂ ಗ್ಲಾಸು ಕೆಳಗಿಡುವ ಮೊದಲೇ ಅವನು ಮುಂದೆ ಹೇಳುವುದೆಲ್ಲ ಇವನಿಗೆ ಬಂದು ಮುಗಿದಿರುತ್ತಿತ್ತು. ಇನ್ನೊಂದು, ಎದುರಿನ ಕಲ್ಲಿನ ಮೇಲೆ ಮುನಿರಾಮಯ್ಯನ ಗ್ಲಾಸಿರುವಾಗ ದನಿ ಬಲಗಡೆಯಿಂದ ಯಾಕೆ ಬರಬೇಕು? ಬಲಗಡೆ ಅವನು ಒಂದು ದಿನವೂ ಕೂತವನಲ್ಲ. ಒಂದು ಸಲ ಆದಿನಾರಾಯಣಪ್ಪ ಬಾಯಿ ಬಿಡದೆ ಮನಸ್ಸಿನಲ್ಲೇ ಕೇಳಿದ, "ಮುನಿಗಂಗಮ್ಮನಿಗೆ ಏನಾದ್ರೂ ಹೇಳೋದಿತ್ತಾ?"

"ಯಾವ ಮುನಿಗಂಗಮ್ಮ?" ಎಂದಿತು ದನಿ.

ಅವನು ಬಾಯಿಗೆ ಒಯ್ದಿದ್ದ ಸೋಡಾ ಗ್ಲಾಸನ್ನು ಕೆಳಗಿಟ್ಟ.

"ತಮಾಷೆ ಮಾಡ್ದೆ ಕಣೋ," ಎಂದು ದನಿ ನಕ್ಕಿತು. "ಕುಡಿ, ಸೋಡಾ ಬಿಸಿ ಆಗ್ತದೆ."

ಅವನು ಕುಡಿದ. ತಮಾಷೆ ಎಂದೇ ನಂಬಿದ. ನಂಬದಿದ್ದರೆ ಮತ್ತೆ ಆ ಮೌನಕ್ಕೆ ಹೋಗಿ ಕೂರಬೇಕಿತ್ತಲ್ಲ, ಅದು ಅವನಿಂದಾಗದು.

ಮಳೆಗಾಲ ಕಳೆದ ಮೇಲಿನ ಒಂದು ಭಾನುವಾರ, ಎಲ್ಲರೂ ಗನ್ನು ಒರೆಸಿ ಇಡುತ್ತಿರುವಾಗ ದನಿ, "ಮುಂದಿನ ವಾರ ಆ ತಗಡಿನ ಡಬ್ಬಿ ತಗೊಂಡ್ ಬಾ ಗುರು," ಎಂದಿತು. "ನನ್ನ ಗನ್ನಿಗೆ ನನ್ನ ತೋಟೆ. ಒಂದ್ಸಲ ಹೊಡೆದು ತೋರ್ಸು, ಸಾಕು. ಸುಬೇದಾರಂಗೆ ಹೇಳ್ಬೇಡ."

ಸತ್ತ ಗೆಳೆಯ ಕೇಳಿಕೊಂಡದ್ದು ಒಂದೇ ಒಂದು. ಇಲ್ಲ ಎನ್ನುವುದು ಹೇಗೆ? ಮುಂದಿನ ಭಾನುವಾರ ಅವನು ಕಿಲುಬಿನ ತೋಟೆಗಳನ್ನು ಬಟ್ಟೆಯಲ್ಲಿ ಉಜ್ಜಿ ಹೊಳೆಯಿಸಿ ಜೇಬಿಗೆ ಹಾಕಿಕೊಂಡು ಬಂದ.

ಅವತ್ತು ಕ್ವಾರಿಯ ತಳದಲ್ಲಿ ನಿಂತ ಮಳೆನೀರು ಒಂದಿಷ್ಟೂ ಅಲುಗುತ್ತಿರಲಿಲ್ಲ. ಸುಬೇದಾರನೂ ಆವಲಪ್ಪನೂ ತಮ್ಮ ಸರದಿ ಮುಗಿಸಿ ಹಿಂದೆ ಹೊಂಗೆಮರದ ನೆರಳಿಗೆ ಹೋದರು. ಆದಿನಾರಾಯಣಪ್ಪ ಒಬ್ಬನೇ ಗುಂಡು ಹೊಡೆಯುವ ಗೆರೆಯ ಮೇಲೆ ನಿಂತು, ವೆಬ್ಲಿ ಮುರಿದು, ಹಳೇ ತೋಟೆಗಳನ್ನು ತುಂಬಿ ಮುಚ್ಚಿದ. ಬಲಗಡೆಯಿಂದ ದನಿ ಏನೋ ಹರಟುತ್ತಲೇ ಇತ್ತು, ಬ್ರೌನಿಂಗು ಹೆಚ್ಚೋ ವೆಬ್ಲಿ ಹೆಚ್ಚೋ, ರಮ್ಮಿಗೆ ಮೆಣಸು ಹಾಕುವವನು ಮನುಷ್ಯನೋ ರಾಕ್ಷಸನೋ. ಅವನು ನಗುತ್ತಲೇ ಹೊಡೆದ. ಮಣಿಕಟ್ಟಿಗೆ ಸರಿಯಾದ ಒದೆ ಬಿತ್ತು, ಕಾಗದದಲ್ಲಿ ತೂತು ಬಿತ್ತು. ಇನ್ನೊಂದು ಹೊಡೆದ.

ಒದೆ ಬೀಳಲಿಲ್ಲ. ಹಾಗೆಂದು ಪೂರಾ ಬೀಳಲೇ ಇಲ್ಲವೆಂದೂ ಹೇಳುವಂತಿರಲಿಲ್ಲ. ಅಂಗೈಯೊಳಗೆ ಏನೋ ಸಣ್ಣಗೆ ನಡುಗಿ ಸುಮ್ಮನಾಯಿತು. ಕಾಗದದಲ್ಲಿ ಹೊಸ ತೂತು ಕಾಣಿಸಲಿಲ್ಲ. ಅವನು ತಡೆದ.

"ಹಳೇ ಮದ್ದು, ಅಷ್ಟೇ," ಎಂದಿತು ದನಿ. "ಗುಂಡು ಪಕ್ಕಕ್ಕೆ ಹೋಯ್ತು. ಹೊಡಿ."

ಅವನ ಬೆರಳು ಟ್ರಿಗರಿನ ಮೇಲೇ ಇತ್ತು.

"ಏನ್ ಕಾಯ್ತಾ ಇದೀಯ ಗುರು? ಅವ್ರೂ ಹೊಡಿ ಅಂತ್ಲೇ ಕೂಗ್ತಾ ಇದಾರೆ."

ಕೂಗುತ್ತಿದ್ದದ್ದು ನಿಜ. ಹಿಂದೆ ಸುಬೇದಾರ ಗಂಟಲು ಹರಿಯುವ ಹಾಗೆ ನಿಲ್ಸೋ, ನಿಲ್ಸೋ ಎಂದು ಕೂಗುತ್ತಿದ್ದ. ಆವಲಪ್ಪ ತೊಡೆಯ ಮೇಲಿದ್ದ ಚೀಲ ಬಿಸಾಕಿ ಎದ್ದಿದ್ದ. ಅದೊಂದೂ ಆದಿನಾರಾಯಣಪ್ಪನಿಗೆ ಕೇಳಿಸಲಿಲ್ಲ. ಅವನಿಗೆ ಕೇಳಿಸುತ್ತಿದ್ದದ್ದು ಲೋಕದಲ್ಲಿ ಒಂದೇ ದನಿ, ಅದು ಹೊಡಿ ಎನ್ನುತ್ತಿತ್ತು. ಅವನು ಬೆರಳು ಬಿಗಿದ. ತೋಟೆಗೆ ಬಡಿಯುವ ಸುತ್ತಿಗೆ ಹಿಂದಕ್ಕೆ ಏಳತೊಡಗಿತು.

ಎಡ ಹೆಗಲ ಮೇಲೆ ಎರಡು ತಟ್ಟು ಬಿತ್ತು.

ಯಾಕೆ, ಏನು ಎಂದು ಯೋಚಿಸುವ ಮೊದಲೇ ಅವನ ಬೆರಳು ಸಡಿಲಾಗಿತ್ತು. ಎಷ್ಟೋ ವರ್ಷ ಲೂಮು ನಿಲ್ಲಿಸಿದ ಕೈ ಅದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಳಿಗೆಯನ್ನು ನೆಲದ ಕಡೆ ತಿರುಗಿಸಿ, ಸದ್ಯ, ಬಂದು ತಟ್ಟಿದೆಯಲ್ಲಪ್ಪ ಎಂದು ಹೇಳಲು ಹಿಂದೆ ತಿರುಗಿದ.

ಹಿಂದೆ ಯಾರೂ ಇರಲಿಲ್ಲ. ಸುಬೇದಾರನೂ ಆವಲಪ್ಪನೂ ಇನ್ನೂ ಅಷ್ಟು ದೂರದಲ್ಲಿ, ಕಲ್ಲು ಎಡವುತ್ತ ಓಡಿ ಬರುತ್ತಿದ್ದರು.

ಸುಬೇದಾರ ವೆಬ್ಲಿ ಕಿತ್ತುಕೊಂಡು ಮುರಿದು, ತೋಟೆಗಳನ್ನು ಉದುರಿಸಿ, ನಳಿಗೆಗೆ ಒರೆಸುವ ಕಡ್ಡಿ ಹಾಕಿದ. ಕಡ್ಡಿ ಅರ್ಧಕ್ಕೆ ನಿಂತಿತು. ಅದನ್ನು ಆದಿನಾರಾಯಣಪ್ಪನ ಮುಖದ ಮುಂದೆ ಹಿಡಿದು ತೋರಿಸಿದ. ಬೈಯುತ್ತಿದ್ದ, ಬೈಯುತ್ತ ಅಳುತ್ತಿದ್ದ. ಆವಲಪ್ಪ ಆದಿನಾರಾಯಣಪ್ಪನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ದೊಡ್ಡದು ಮಾಡಿ ಕೇಳಿದ.

"ನಾವು ಕೂಗಿದ್ದು ಕೇಳಿಸ್ತಾ?"

ಇಲ್ಲ ಎಂದು ತಲೆಯಾಡಿಸಿದ.

"ಮತ್ತೆ ಹೆಂಗೆ ನಿಲ್ಸಿದೆ?"

ಆದಿನಾರಾಯಣಪ್ಪ ಬಲಗೈ ಎತ್ತಿ, ಹೆಬ್ಬೆರಳಿನಿಂದ ಎಣ್ಣೆಡಬ್ಬಿ ಅದುಮುವ ಹಾಗೆ ಮಾಡಿದ. ಆಮೇಲೆ ತನ್ನ ಎಡ ಹೆಗಲು ಮುಟ್ಟಿಕೊಂಡು ತೋರಿಸಿದ. ಮುನಿರಾಮಯ್ಯನ ಆ ಗುರುತು ಇಬ್ಬರಿಗೂ ಗೊತ್ತಿತ್ತು. ಅವರು ಎದುರಿನ ಕಲ್ಲಿನ ಕಡೆ ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು.

ಆಗ ಅವನಿಗೆ ಹೊಳೆಯಿತು. ಮುನಿರಾಮಯ್ಯನ ದನಿ ಹೇಗಿತ್ತೆಂದು ಅವನಿಗೆ ನೆನಪೇ ಇರಲಿಲ್ಲ. ಅವರ ಗೆಳೆತನ ಶುರುವಾದದ್ದೇ ಮಗ್ಗದ ಮನೆಯಲ್ಲಿ, ಸದ್ದಿನ ನಡುವೆ. ಅವನು ಬಲ್ಲ ಮುನಿರಾಮಯ್ಯ ಎಂದರೆ ತುಟಿ, ಕೈ, ಹೆಗಲ ಮೇಲಿನ ತಟ್ಟು. ಮುನಿರಾಮಯ್ಯ ಅವನನ್ನು ಒಂದು ದಿನವೂ ಗುರು ಎಂದವನಲ್ಲ. ಅವನು ಬರುವುದಾದರೆ ಹೀಗೆ ಬರುತ್ತಾನೆ, ಹಿಂದಿನಿಂದ, ಮಾತಿಲ್ಲದೆ. ಹಾಗಾದರೆ ಇಷ್ಟು ದಿನ ಬಲಗಡೆ ಕೂತು ಮಾತಾಡಿದ್ದು ಯಾರು?



ವೆಬ್ಲಿಯನ್ನೂ ತಗಡಿನ ಡಬ್ಬಿಯನ್ನೂ ಅವತ್ತೇ ಸುಬೇದಾರನ ಜೊತೆ ಹೋಗಿ ಸ್ಟೇಷನ್ನಿಗೆ ಒಪ್ಪಿಸಿ ಬಂದ. ಇನ್ನು ಮೌನವಾದರೆ ಮೌನವೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಮೌನಕ್ಕೆ ಅಷ್ಟು ಹೆದರಿದ್ದ ಮನುಷ್ಯ ಈಗ ಅದನ್ನೇ ದೇವರ ಹತ್ತಿರ ಬೇಡಿಕೊಂಡ.

ಸೋಮವಾರ ಬೆಳಿಗ್ಗೆ ಲೂಮುಗಳನ್ನೆಲ್ಲ ಚಾಲೂ ಮಾಡಿದ. ನೆಲ ನಡುಗಿತು, ಲಾಳಿಗಳು ಅತ್ತಿತ್ತ ಓಡಿದವು. ಅವನಿಗೆ ಸಮಾಧಾನವೆನಿಸಿತು. ಕಿಟಕಿಯ ಬಿಸಿಲಿನಲ್ಲಿ ಬಾದಾಮಿ ಬಣ್ಣದ ಸೀರೆ ಎಳೆ ಎಳೆಯಾಗಿ ಬೆಳೆಯುತ್ತಿತ್ತು.

"ಏನ್ ಕುಡೀತೀಯ ಗುರು?"

ಅಷ್ಟು ಸದ್ದಿನ ನಡುವೆ, ಬಲಗಿವಿಯ ಪಕ್ಕದಲ್ಲಿ, ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ.

ಅವನು ತಿರುಗಲಿಲ್ಲ. ಎಡ ಹೆಗಲ ಮೇಲೆ ಆ ಎರಡು ತಟ್ಟು ಬೀಳಲೆಂದು ಕಾಯುತ್ತ ನಿಂತ. ಕಣ್ಣೆದುರೇ ಎಳೆ ಕಡಿದು ಸೀರೆಯಲ್ಲಿ ಉದ್ದಕ್ಕೆ ಖಾಲಿ ಗೆರೆ ಬೀಳುತ್ತಿದ್ದರೂ ಅವನಿಗೆ ಕಾಣಲಿಲ್ಲ. ಆಗ ಎರಡು ತಟ್ಟು ಬಿತ್ತು.

ಲಕ್ಷ್ಮೀದೇವಮ್ಮ. ಕೈಯಲ್ಲಿ ಕಾಫಿ ಲೋಟ, ಮುಖದಲ್ಲಿ ಸಿಟ್ಟು. ಕಣ್ಣು ಎಲ್ಲಿಟ್ಟಿದ್ದೀರಿ ಎಂದು ತುಟಿಯಲ್ಲಿ ಬೈದಳು. ತಾನೇ ಕೈ ಚಾಚಿ ಲೂಮು ನಿಲ್ಲಿಸಿದಳು. ಅವನು ಅವಳ ತುಟಿಯನ್ನೇ ನೋಡಿದ, ಎಷ್ಟೋ ತಿಂಗಳ ಮೇಲೆ ನೋಡಿದ. ಅವಳ ಕೈಯನ್ನು ಹಿಡಿದು ಮತ್ತೆ ತನ್ನ ಎಡ ಹೆಗಲ ಮೇಲೆ ಇಟ್ಟುಕೊಂಡ.

"ಇಲ್ಲೇ ಇರಲಿ," ಎಂದ. "ತೆಗೀಬೇಡ."

ಅವಳ ಸಿಟ್ಟು ಇಳಿದು ಗಾಬರಿಯಾಯಿತು. ಕೈಯನ್ನು ಮಾತ್ರ ತೆಗೆಯಲಿಲ್ಲ.

"ಆ ಕೈ ತೆಗೆಯೋಕೆ ಹೇಳು," ಎಂದಿತು ಬಲಗಡೆಯ ದನಿ. ಈ ಸಲ ಅದರಲ್ಲಿ ನಗುವಿರಲಿಲ್ಲ.

ಆದಿನಾರಾಯಣಪ್ಪ ಹೆಂಡತಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.